ಅಳತೆ ಚೌಕಗಳ ಮುಂದೆ ಪುಷ್ಪಮಾಲಾ

ಯಾರನ್ನೇ ನೋಡಿದ ತಕ್ಷಣ ‘ಇವರು ಇಂಥವರು’ ಅಂತ ತೀರ್ಮಾನ ಮಾಡಿಬಿಡೋದು ನಮ್ಮೆಲ್ಲರ ಚಾಳಿ. ಈ ಚಾಳಿಯನ್ನೇ ವಿಜ್ಞಾನ ಅಂತ ಕರೆದ ಕಾಲವೊಂದಿತ್ತು.

1869ರಲ್ಲಿ ಲಂಡನ್ನಿನ ಜಾನ್ ಲ್ಯಾಂಪ್ರೆ ಒಂದು ಉಪಾಯ ಹೇಳಿದ. ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು ಎರಡೆರಡು ಇಂಚಿನ ಚೌಕ ಮಾಡೋದು, ಅದರ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಫೋಟೋ ತೆಗೆಯೋದು. ಆಮೇಲೆ ಚೌಕ ಎಣಿಸಿ ಒಂದು ಜನಾಂಗದ ದೇಹವನ್ನು ಇನ್ನೊಂದರ ಜೊತೆ ಹೋಲಿಸೋದು! 1890ರ ದಶಕದಲ್ಲಿ ಅಂಡಮಾನಿನ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಇಂಥದ್ದೇ ಚೌಕಳಿ ಹಿನ್ನೆಲೆಯ ಮುಂದೆ ನಿಲ್ಲಿಸಿದ. ಮದ್ರಾಸ್ ಸರ್ಕಾರಿ ಮ್ಯೂಸಿಯಂನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತೀಯರ ತಲೆ, ಮೂಗುಗಳನ್ನು ಅಳೆದ. ಇಲ್ಲಿನ ಜಾತಿ, ಬುಡಕಟ್ಟುಗಳ ಬಗ್ಗೆ ಅವನು ಬರೆದದ್ದು 1909ರಲ್ಲಿ ಏಳು ಸಂಪುಟಗಳಾಗಿ ಬಂತು. ಇಂಥ ಫೋಟೋಗಳ ಕೆಳಗೆ ಎಷ್ಟೋ ಸಲ ಮನುಷ್ಯರ ಹೆಸರು ಇರುತ್ತಿರಲಿಲ್ಲ, ಗುಂಪಿನ ಹೆಸರಷ್ಟೇ ಇರುತ್ತಿತ್ತು.

ನೂರು ವರ್ಷದ ನಂತರ ಅದೇ ಚೌಕಗಳ ಮುಂದೆ ಬೆಂಗಳೂರಿನ ಹೆಣ್ಣೊಬ್ಬಳು ತಾನಾಗೇ ಬಂದು ನಿಂತಳು. ಹೆಸರು ಪುಷ್ಪಮಾಲಾ ಎನ್. ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ತೊಂಬತ್ತರ ದಶಕದ ನಡುವೆ ಮಣ್ಣು ಬಿಟ್ಟು ತಮ್ಮ ದೇಹವನ್ನೇ ಮಾಧ್ಯಮ ಮಾಡಿಕೊಂಡು, ವೇಷ ಹಾಕಿ ಕ್ಯಾಮೆರಾ ಮುಂದೆ ನಟಿಸತೊಡಗಿದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಸರಣಿ ಮಾಡಿದರು. ಹೆಸರೇ ಹಳೇ ಬ್ರಿಟಿಷ್ ಪುಸ್ತಕದ ಅಣಕ.

ಇದರಲ್ಲಿ ಅವರು ನೀಲಗಿರಿಯ ತೋಡ ಹೆಂಗಸಾಗಿ ಅಳತೆಗೆ ನಿಲ್ಲುತ್ತಾರೆ. ಅವರೇ ರವಿವರ್ಮನ ಲಕ್ಷ್ಮಿ, ಬಿಜಾಪುರದ ಹಳೇ ಚಿತ್ರದ ಯೋಗಿನಿ, ವೇಲಾಂಕಣಿ ಮಾತೆ. ಪತ್ರಿಕೆಯಲ್ಲಿ ಬಂದ ಪೊಲೀಸ್ ಫೋಟೋದ ಆರೋಪಿಯೂ ಅವರೇ, ಕನ್ನಡ ಸಿನಿಮಾದ ನಾಯಕಿಯೂ ಅವರೇ.

ಇಲ್ಲೇ ನೋಡಿ ಏಟು ಇರೋದು. ದೇವಿ, ಕಳ್ಳಿ, ಆದಿವಾಸಿ ಅನ್ನೋದು ಮುಖದಲ್ಲೇ ಬರೆದಿದ್ದರೆ ಒಂದೇ ಮುಖ ಇಷ್ಟೂ ಪಾತ್ರಗಳಿಗೆ ಹೇಗೆ ಒಪ್ಪುತ್ತೆ? ಅಂದ್ರೆ ‘ಮಾದರಿ’ಯನ್ನು ತಯಾರಿಸಿದ್ದು ಪರದೆ, ಬೆಳಕು, ಸೀರೆ, ಫೋಟೋದ ಕೆಳಗಿನ ಬರಹ. ಆ ತಯಾರಿಯನ್ನೂ ಅವರು ಮುಚ್ಚಿಡಲಿಲ್ಲ. ಸೆಟ್ ಹೇಗೆ ಕಟ್ಟಿದರು ಅನ್ನೋ ಫೋಟೋಗಳೂ ಸರಣಿಯ ಒಂದು ಭಾಗ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ಪುಷ್ಪಮಾಲಾ ಫೋಟೋ ಮುಗಿದ ಮೇಲೆ ವೇಷ ಕಳಚಿ ಮನೆಗೆ ಹೋಗಬಹುದಿತ್ತು. ಪೋರ್ಟ್‌ಮನ್ ಎದುರು ನಿಂತವರಿಗೆ ಆ ಅವಕಾಶ ಇರಲಿಲ್ಲ, ಇವತ್ತಿಗೂ ಅವರು ಆ ಚೌಕಗಳ ಮುಂದೆಯೇ ನಿಂತಿದ್ದಾರೆ. ಈ ಕಲೆ ಅವರಿಗೆ ಅವರ ಹೆಸರನ್ನು ವಾಪಸ್ ಕೊಡಲಾರದು. ಆದರೆ ಅಂಥ ಫೋಟೋ ಎದುರಾದಾಗ ‘ಇವರು ಯಾವ ಜನ?’ ಅನ್ನೋ ಬದಲು ‘ಕ್ಯಾಮೆರಾ ಹಿಂದೆ ಯಾರಿದ್ರು?’ ಅಂತ ಕೇಳೋದನ್ನು ನಮಗೆ ಕಲಿಸುತ್ತೆ.