ಹಂಪೆಯ ಬಜಾರು ಹೇಳುವ ಪಾಠ

ಹಂಪೆಗೆ ಹೋದವರೆಲ್ಲ ವಿರೂಪಾಕ್ಷನಿಗೆ ಕೈಮುಗಿದು ಹೊರಬಂದು, ಎದುರು ಬಸವಣ್ಣನವರೆಗೆ ನೀಳವಾಗಿ ಸಾಗುವ ಬೀದಿಯನ್ನು ನೋಡಿಯೇ ಇರುತ್ತಾರೆ. ಅದೇ ಹಂಪೆಯ ಬಜಾರು. ಎರಡು ಮಗ್ಗುಲಿಗೂ ಕಲ್ಲುಗಂಬದ ಮಂಟಪಗಳ ಸಾಲು. 1565ರ ಯುದ್ಧದಿಂದ ರಾಜಧಾನಿ ಹಾಳಾಯಿತು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ. ಪೂಜೆಯಿದ್ದಲ್ಲಿ ಜಾತ್ರೆ, ಜಾತ್ರೆಯಿದ್ದಲ್ಲಿ ಅಂಗಡಿ. ಇಪ್ಪತ್ತನೆಯ ಶತಮಾನದಲ್ಲಿ ಆ ಮಂಟಪಗಳೊಳಗೇ ಸಂಸಾರಗಳು ನೆಲೆಸಿದವು, ಖಾನಾವಳಿಗಳು ನಡೆದವು.

1986ರಲ್ಲಿ ಯುನೆಸ್ಕೊ ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತುಂಗಭದ್ರೆಗೆ ಅಡ್ಡಲಾಗಿ ಎರಡು ಸೇತುವೆಗಳ ಕೆಲಸ ಮೊದಲಾದ ಕಾರಣ, 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ರಾಜ್ಯ ಸರ್ಕಾರ 2002ರಲ್ಲಿ ಕಾನೂನು ಮಾಡಿ ಹಂಪೆಗೆಂದೇ ಪ್ರಾಧಿಕಾರವನ್ನು ಏರ್ಪಡಿಸಿತು. 2006ರಲ್ಲಿ ಆ ಕಳಂಕ ತೊಲಗಿತು. ಇಷ್ಟಾದರೂ 2011ರ ಜುಲೈ ತಿಂಗಳಲ್ಲಿ ಬಜಾರಿನ ಮನೆ ಅಂಗಡಿಗಳನ್ನು ಯಂತ್ರ ತಂದು ಕೆಡವಿದರು.

ತಪ್ಪು ಯಾರದೆಂದು ತೀರ್ಪು ಕೊಡುವುದು ಸುಲಭವಲ್ಲ. ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದರಿಂದ ಪ್ರಾಚೀನ ಕಟ್ಟಡಗಳು ಕೆಟ್ಟದ್ದು ದಿಟ. ಅಲ್ಲಿಯೇ ಹುಟ್ಟಿ ಬೆಳೆದವರು ನೆಲೆ ತಪ್ಪಿ, ಕಡ್ಡಿರಾಂಪುರದ ನಿವೇಶನಗಳಿಗಾಗಿ ಕಾಯಬೇಕಾದದ್ದೂ ಅಷ್ಟೇ ದಿಟ. ಕಲ್ಲನ್ನು ಕಾಯಲು ಹೊರಟವರು ಆ ಕಲ್ಲಿನ ನೆರಳಲ್ಲಿ ಬಾಳುತ್ತಿದ್ದವರ ಗತಿಯನ್ನು ಮೊದಲೇ ಯೋಚಿಸಿ ಗೊತ್ತುಮಾಡಿದ್ದರೆ, ಇಬ್ಬರಿಗೂ ಒಳಿತಾಗುತ್ತಿತ್ತು.

ಪರಂಪರೆಯ ರಕ್ಷಣೆಗೆಂದು ಸಂಘ ಕಟ್ಟುವ ಉತ್ಸಾಹಿಗಳು ಇಂದು ನಮ್ಮಲ್ಲಿ ಕಡಮೆಯಿಲ್ಲ. ಸಭೆ ಸೇರುತ್ತದೆ, ಚಂದಾ ಕೂಡುತ್ತದೆ, ಕೆಲಸವೂ ಶುರುವಾಗುತ್ತದೆ. ಆದರೆ ಉತ್ಸಾಹವೊಂದೇ ಸಾಲದು. ಐದು ಹತ್ತು ವರ್ಷಗಳ ಮುಂದಾಲೋಚನೆ ಬೇಕು. ಏನನ್ನು ಉಳಿಸಬೇಕು? ಯಾವುದು ಮೊದಲು, ಯಾವುದು ಆಮೇಲೆ? ಹಣ ಎಲ್ಲಿಂದ ಬರಬೇಕು? ನಮ್ಮ ಕೆಲಸದಿಂದ ಯಾರ ಅನ್ನಕ್ಕೆ ಕುತ್ತು? ಈ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂಬುದು ಬಜಾರಿನ ಪಾಠ.

ಹೊಳೆಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಹುಟ್ಟಿದ ಕಿಷ್ಕಿಂದಾ ಟ್ರಸ್ಟ್ ಹಿಡಿದ ದಾರಿಯನ್ನು ಇಲ್ಲಿ ನೆನೆಯಬಹುದು. ಹಳೆಯ ಮನೆಗಳನ್ನು ಉಳಿಸುವ ಕೆಲಸದ ಜೊತೆಗೆ, ಊರಿನ ಹೆಂಗಸರ ಕೈಗೆ ಬಾಳೆನಾರಿನ ಕಸುಬನ್ನೂ ಅದು ಕೊಟ್ಟಿತು. ಹಳೆಯ ಊರಿನಲ್ಲಿ ಬದುಕು ನಡೆಯುವುದಾದರೆ ಊರವರೇ ಅದರ ಕಾವಲುಗಾರರಾಗುತ್ತಾರೆ. ಬೇರೆ ಬೇಲಿ ಹಾಕುವ ಪ್ರಮೇಯ ಕಡಮೆಯಾಗುತ್ತದೆ.

ಮುಂದೆ ಯಾವ ಊರಿನಲ್ಲೇ ಆಗಲಿ, ಸಂಘದ ಮಹನೀಯರು ನಕ್ಷೆ ಬಿಡಿಸುವ ಮೊದಲು ಆ ಬೀದಿಯ ಜಗುಲಿಗಳ ಮೇಲೆ ಒಂದಿಷ್ಟು ಹೊತ್ತು ಕುಳಿತು, ಅಲ್ಲಿಯವರ ಮಾತು ಕೇಳಿ ಬರಲಿ.