ಹೊನ್ನಾವರ: ಅಳಿವೆ ಬಾಗಿಲಿನ ಊರು

ಚರಿತ್ರೆಯೆಂದರೆ ರಾಜಧಾನಿಗಳ ಚರಿತ್ರೆ ಎಂದೇ ನಾವೆಲ್ಲ ಶಾಲೆಯಲ್ಲಿ ಓದಿಕೊಂಡು ಬಂದವರು. ಹಂಪಿ, ಬಿಜಾಪುರ, ಶ್ರೀರಂಗಪಟ್ಟಣಗಳ ಬಗ್ಗೆ ಪುಟಗಟ್ಟಲೆ ಓದಿದ್ದೇವೆ. ಆದರೆ ಆ ರಾಜಧಾನಿಗಳಿಗೆ ಕುದುರೆ ತಂದಿಳಿಸಿದ, ಘಟ್ಟದ ಮೆಣಸನ್ನು ಹಡಗಿಗೆ ಏರಿಸಿದ ಕರಾವಳಿಯ ಸಣ್ಣ ಊರುಗಳಿಗೆ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಸಿಗುವುದು ಅಪರೂಪ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಅಂಥದೊಂದು ಊರು. ಮಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಅದು ಶರಾವತಿಯ ಸೇತುವೆ ದಾಟಿದ ಕೂಡಲೇ ಸಿಗುವ ಒಂದು ನಿಲ್ದಾಣ, ಅಷ್ಟೆ.

ಈ ಊರನ್ನು ಅರಿಯಬೇಕಾದರೆ ಮೊದಲು ನದಿಯನ್ನು ನೋಡಬೇಕು. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಕಾಡಿನ ಕಣಿವೆ ಹಾದು ಗೇರುಸೊಪ್ಪೆಗೆ ಬರುವಾಗ ಶಾಂತವಾಗುತ್ತದೆ. ಅಲ್ಲಿಂದ ಸಮುದ್ರದವರೆಗೆ ದೋಣಿ ನಡೆಸಬಹುದಾದ ನೀರು. ಘಟ್ಟದ ಮೇಲಿನ ಸರಕು ಎತ್ತುಗಳ ಬೆನ್ನ ಮೇಲೆ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಅಲ್ಲಿಂದ ದೋಣಿಯಲ್ಲಿ, ಮಾವಿನಕುರ್ವೆಯಂಥ ನಡುಗಡ್ಡೆಗಳನ್ನು ಬಳಸಿ, ಅಳಿವೆಗೆ ಬರುತ್ತಿತ್ತು. ಅಳಿವೆಯ ಬಾಗಿಲಲ್ಲಿ ಕುಳಿತ ಊರು ಹೊನ್ನಾವರ. ಬಾಗಿಲು ಯಾರ ಕೈಯಲ್ಲಿದೆಯೋ ಮೆಣಸಿನ ಸುಂಕವೂ ಅವರ ಕೈಗೆ. ಮುಂದಿನ ಏಳು ಶತಮಾನಗಳ ಜಗಳವೆಲ್ಲ ಬಹುಮಟ್ಟಿಗೆ ಈ ಬಾಗಿಲಿಗಾಗಿ ನಡೆದದ್ದು.

ಹದಿಮೂರು ಶಾಲೆಗಳು

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದದ್ದು ಸುಮಾರು 1342ರಲ್ಲಿ. ಆತ ಈ ಊರನ್ನು 'ಹಿನೌರ್' ಎಂದು ಕರೆದಿದ್ದಾನೆ. ಆಗ ಇಲ್ಲಿ ಆಳುತ್ತಿದ್ದವನು ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್. ಅವನ ಬಲವಿದ್ದದ್ದು ಸಮುದ್ರದ ಮೇಲೆ. ಅವನ ಹಡಗುಗಳಿಗೆ ಹೆದರಿ ಮಲಬಾರಿನವರು ವರ್ಷಕ್ಕಿಷ್ಟೆಂದು ಹಣ ಕೊಡುತ್ತಿದ್ದರು. ಗೋವೆಯ ಮೇಲೆ ಅವನು 52 ಹಡಗುಗಳ ದಂಡಯಾತ್ರೆ ಹೊರಟಾಗ ಇಬ್ನ್ ಬತೂತನೂ ಜೊತೆಗಿದ್ದ. ಇಷ್ಟೆಲ್ಲ ಇದ್ದರೂ ಈ ಸುಲ್ತಾನ 'ಹರ್ಯಬ್' ಎಂಬ ಹಿಂದೂ ದೊರೆಯ ಅಧೀನನಾಗಿದ್ದನೆಂದು ಪ್ರವಾಸಿ ಹೇಳುತ್ತಾನೆ. ಈ ದೊರೆ ವಿಜಯನಗರದ ಹರಿಹರನಿರಬೇಕೆಂದು ಹಲವು ವಿದ್ವಾಂಸರ ಊಹೆ.

ಆದರೆ ನಾವು ನಿಂತು ಓದಬೇಕಾದ ಮಾತು ಬೇರೆಯಿದೆ. ಈ ಊರಿನ ಮುಸ್ಲಿಂ ಮಹಿಳೆಯರೆಲ್ಲ ಕುರ್‌ಆನನ್ನು ಕಂಠಪಾಠ ಮಾಡಿದ್ದರು, ಇಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳಿದ್ದವು, ಇಂಥದ್ದನ್ನು ತಾನು ಬೇರೆಲ್ಲೂ ಕಾಣಲಿಲ್ಲ ಎಂದು ಇಬ್ನ್ ಬತೂತ ದಾಖಲಿಸಿದ್ದಾನೆ. ಮೆಕ್ಕಾ, ಡಮಾಸ್ಕಸ್, ದೆಹಲಿಗಳನ್ನು ಕಂಡು ಬಂದವನು, ಸ್ವತಃ ನ್ಯಾಯಾಧೀಶನಾಗಿದ್ದವನು ಆಡಿದ ಮಾತಿದು. ಅದೇ ಮಹಿಳೆಯರು ಹೊಲಿಗೆಯಿಲ್ಲದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಸೆರಗನ್ನು ಎದೆ ಮತ್ತು ತಲೆಯ ಮೇಲೆ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ಆಭರಣ ಹಾಕುತ್ತಿದ್ದರು ಎಂಬುದೂ ಆತನ ಬರಹದಲ್ಲಿದೆ. ಅಂದರೆ ಸೀರೆ, ಮೂಗುತಿ! ಓದಿದ್ದು ಕುರ್‌ಆನ್, ಉಟ್ಟದ್ದು ನೆರೆಯ ಹೆಂಗಸರು ಉಡುವಂಥದೇ ಸೀರೆ. ಇವೆರಡರ ನಡುವೆ ಆ ಕಾಲದವರಿಗೆ ಯಾವ ವಿರೋಧವೂ ಕಾಣಲಿಲ್ಲ.

ಸುಲ್ತಾನನ ಮನೆಯ ಊಟದ ವರ್ಣನೆಯೂ ಸ್ವಾರಸ್ಯಕರವಾಗಿದೆ. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಶುಂಠಿ, ಲಿಂಬೆ, ಮಾವು. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ಮಳೆಗಾಲದಲ್ಲಿ ಕುಡಿಯಲು ಬಿಸಿನೀರು. ಅನ್ನವೇ ಆಹಾರವಾಗಿದ್ದ ಇಲ್ಲಿ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಕಳೆದೆನೆಂದು ಆತ ಬರೆದಿದ್ದಾನೆ. ಆ ಊಟದ ಕ್ರಮ ಇಂದಿಗೂ ಕರಾವಳಿಯ ಯಾವ ಮನೆಯವರಿಗೂ ಅಪರಿಚಿತವಲ್ಲ.

ಶಾಫಿಈ ಪಂಥದ ಈ ಕಡಲ ವ್ಯಾಪಾರಿಗಳ ಪರಂಪರೆಯಲ್ಲಿ ನಾವು ಇಂದು ಗುರುತಿಸುವುದು ನವಾಯತರನ್ನು. ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರಗಳಲ್ಲೂ ಶರಾವತಿಯ ದಂಡೆಯ ಹಳ್ಳಿಗಳಲ್ಲೂ ಅವರ ಮನೆಗಳಿವೆ. ಅವರ ಮನೆಮಾತು ಕೊಂಕಣಿಯ ಹತ್ತಿರದ ನುಡಿ. ಅದರಲ್ಲಿ ಅರಬಿ, ಪಾರ್ಸಿ ಪದಗಳು ಬೆರೆತಿವೆ, ಬರೆಯುವುದು ಅರಬಿ-ಪಾರ್ಸಿ ಲಿಪಿಯಲ್ಲಿ.

ಕುದುರೆ, ಮೆಣಸು, ಕೋವಿ

ಇದನ್ನೆಲ್ಲ ಓದಿ ಹೊನ್ನಾವರದಲ್ಲಿ ಸದಾ ಶಾಂತಿಯೇ ಇತ್ತೆಂದು ಭಾವಿಸಬೇಕಿಲ್ಲ. ಇಲ್ಲಿನ ಮುಸ್ಲಿಂ ವ್ಯಾಪಾರಿಗಳು ಅರಬ್ ಕುದುರೆಗಳನ್ನು ವೈರಿಗಳಾದ ಬಹಮನಿಯವರಿಗೆ ಮಾರಿದರೆಂದು ಸಿಟ್ಟಾದ ವಿಜಯನಗರದ ಅರಸ 1479ರಲ್ಲಿ ಅವರ ಕೊಲೆಗೆ ಆಜ್ಞೆ ಮಾಡಿದನೆಂದೂ ಬದುಕಿ ಉಳಿದವರು ಗೋವೆಗೆ ಹೋಗಿ ನೆಲೆಸಿದರೆಂದೂ ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. ಕುದುರೆಯೆಂದರೆ ಅಂದಿನ ಯುದ್ಧಸಾಮಗ್ರಿ. ಅದು ಯಾರ ಲಾಯಕ್ಕೆ ಹೋಗಬೇಕೆಂಬ ಲೆಕ್ಕವೇ ಆ ರಕ್ತಪಾತದ ಹಿಂದಿತ್ತು.

ಮುಂದಿನ ಪ್ರಸಂಗದಲ್ಲಿ ಪಾತ್ರಗಳೇ ಅದಲುಬದಲು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟ. ಐದೇ ವರ್ಷಗಳಲ್ಲಿ, 1510ರಲ್ಲಿ, ಇದೇ ಕಡಲಿನ ಹಿಂದೂ ನಾವಿಕ ದಳಪತಿ ತಿಮ್ಮೋಜ ಅದೇ ಪೋರ್ಚುಗೀಸರ ಅಲ್ಬುಕರ್ಕನಿಗೆ ಬಿಜಾಪುರದವರ ಕೈಯಲ್ಲಿದ್ದ ಗೋವೆಯನ್ನು ಹಿಡಿಯಲು ನೆರವಾದ. ಇದರಲ್ಲಿ ಧರ್ಮದ್ರೋಹವನ್ನಾಗಲಿ ಧರ್ಮರಕ್ಷಣೆಯನ್ನಾಗಲಿ ಹುಡುಕುವವರಿಗೆ ನಿರಾಶೆಯೇ ಗತಿ.

ನದಿಯ ಮೇಲ್ಭಾಗದಲ್ಲಿ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ ಸುಮಾರು 1552ರಿಂದ 1606ರವರೆಗೆ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. 1569ರಲ್ಲಿ ಅವರು ಹೊನ್ನಾವರದಲ್ಲಿ ಕೋಟೆ ಕಟ್ಟಿಕೊಂಡರೂ ಮೆಣಸಿಗೆ ಅವಳ ನಾಡನ್ನೇ ಆಶ್ರಯಿಸಬೇಕಾಯಿತು. ಕೊನೆಗೆ ಅವಳನ್ನು ಸೋಲಿಸಿದ್ದು ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋದಾಗ ನದಿಯ ಚೆಲುವಿಗೆ ಮಾರುಹೋದ. ಆದರೆ ಒಂದು ಕಾಲದ ಆ ಮಹಾನಗರದಲ್ಲಿ ಮರಗಿಡಗಳು ಬೆಳೆದು ನಿಂತಿದ್ದವು. ಚತುರ್ಮುಖ ಬಸದಿ ಇಂದಿಗೂ ಆ ಕಾಡಿನ ನಡುವೆ ನಿಂತಿದೆ.

ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊನ್ನಾವರದ ಕೋಟೆಯಿಂದ ಹೊರಹಾಕಿದ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಊರು ಅವನ ವಶವಾಯಿತು. ಅವನು ಇಲ್ಲಿ ಯುದ್ಧನೌಕೆಗಳನ್ನು ಕಟ್ಟುವ ಕಟ್ಟೆ ಮಾಡಿಸಿದ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಊರನ್ನು ಹಿಡಿದ. 1784ರ ಮಂಗಳೂರು ಒಪ್ಪಂದದಿಂದ ಅದು ಟಿಪ್ಪು ಸುಲ್ತಾನನಿಗೆ ಮರಳಿತು. ಆಮೇಲೆ ಟಿಪ್ಪು ಊರನ್ನು ಕೆಡವಿಸಿದನೆಂದು 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಬುಕಾನನ್ ಗೆದ್ದವರ ಕಡೆಯವನೆಂಬುದನ್ನು ನೆನಪಿಟ್ಟು ಓದೋಣ. ಆದರೆ ಶತ್ರುವಿನ ಹಡಗಿಗೆ ನೆಲೆ ಸಿಗಬಾರದೆಂದು ಸ್ವಂತ ಬಂದರನ್ನೇ ನೆಲಸಮ ಮಾಡುವುದು ಆ ಯುಗದ ಯುದ್ಧನೀತಿಗೆ ಹೊರತಾದದ್ದೇನೂ ಅಲ್ಲ. ನೋವು ಉಂಡವರು ಮಾತ್ರ ಊರಿನ ಜನ, ಅವರಲ್ಲಿ ಎಲ್ಲ ಜಾತಿಯವರೂ ಇದ್ದರು. 1799ರ ನಂತರ ಆಳಿದ ಇಂಗ್ಲಿಷರು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರಲ್ಲಿ ಅದು ಕನ್ನಡ ನಾಡಿಗೆ ಮರಳಿತು.

ಉಳಿದದ್ದು ಜನ

ದೊರೆಗಳು ಹೋದರು, ಜನ ಉಳಿದರು. ಶ್ರೀಗಂಧದಲ್ಲಿ ಕೆತ್ತನೆ ಮಾಡುವ ಗುಡಿಗಾರರು, ಕಡಲಿಗಿಳಿಯುವ ಖಾರ್ವಿಗಳು, ಮೊಗೇರರು, ಹೊಳೆ ದಾಟಿಸುವ ಅಂಬಿಗರು, ಅಡಿಕೆ ತೋಟದ ಹವ್ಯಕರು, ಗದ್ದೆಯ ನಾಮಧಾರಿಗಳು, ಹಾಲಕ್ಕಿಗಳು, ಕೊಂಕಣಿಗರು, ಕ್ರೈಸ್ತರು, ನವಾಯತರು. ಈ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಯಕ್ಷಗಾನವನ್ನು ದೇಶವಿದೇಶಗಳಿಗೆ ಒಯ್ದಿತು.

ಹಡಗುಗಳ ಜಾಗಕ್ಕೆ ರಸ್ತೆ ಬಂತು, ರೈಲು ಬಂತು. ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕೊಂಕಣ ರೈಲುಮಾರ್ಗದಲ್ಲೇ ಅತ್ಯಂತ ಉದ್ದನೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನದಿಯ ಹರಿವನ್ನೇ ಬದಲಿಸಿತು. ಈಗ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ವಿರೋಧ ಕೇಳಿಬಂದಿದೆ. ಅಳಿವೆಯ ಆಚೆ ದಡದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಅಳಿವೆ ಬಾಗಿಲು ಯಾರದು ಎಂಬ ಹಳೆಯ ಪ್ರಶ್ನೆಯನ್ನು ಈ ಬಾರಿ ಕೇಳುತ್ತಿರುವವರು ಒಣಮೀನು ಹರಡುವ ಹೆಂಗಸರು.

2017ರ ಡಿಸೆಂಬರಿನಲ್ಲಿ ಈ ಊರಿನ ಹೆಸರು ನಾಡಿನಾದ್ಯಂತ ಕೇಳಿಬಂದದ್ದು ಬೇರೆ ಕಾರಣಕ್ಕೆ. ಯುವಕನೊಬ್ಬನ ಸಾವಿನ ಸುತ್ತ ವದಂತಿಗಳು ಹಬ್ಬಿ ಜಿಲ್ಲೆಯಲ್ಲಿ ಗಲಭೆಗಳಾದವು. ಅದು ನೀರಲ್ಲಿ ಮುಳುಗಿ ಆದ ಆಕಸ್ಮಿಕ ಸಾವೆಂದು ಸಿಬಿಐ 2022ರಲ್ಲಿ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಆ ಐದು ವರ್ಷಗಳಲ್ಲಿ ಒಡೆದ ಮನಸ್ಸುಗಳಿಗೆ ಯಾವ ವರದಿಯೂ ಮುಲಾಮು ಹಚ್ಚಲಾರದು. ತಮ್ಮ ಊರಿನ ಚರಿತ್ರೆ ಗೊತ್ತಿಲ್ಲದ ಹುಡುಗರ ಕಿವಿಗೆ ವದಂತಿ ಬೇಗ ಇಳಿಯುತ್ತದೆ. ತಿಮ್ಮೋಜ, ಜಮಾಲುದ್ದೀನ್, ಚೆನ್ನಭೈರಾದೇವಿ ಮೂವರೂ ಒಂದೇ ನೀರಿನ ಮಕ್ಕಳೆಂದು ಅವರಿಗೆ ಹೇಳಿಕೊಟ್ಟವರು ಯಾರು?

ನಮ್ಮವರೂ ಕೇಳಿಕೊಳ್ಳಬೇಕಾದ ಮಾತೊಂದಿದೆ. ಹೆಣ್ಣುಮಕ್ಕಳ ಓದನ್ನು ಹೊಸಗಾಲದ ಚಪಲವೆಂದು ಹೀಗಳೆಯುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಹೊನ್ನಾವರದ ಹದಿಮೂರು ಶಾಲೆಗಳ ಲೆಕ್ಕ ಕೊಡೋಣ. ಹಾಗೆಯೇ ಶರಾವತಿ ದಂಡೆಯ ಮನೆಗಳ ಹಳೆಯ ಕಾಗದಪತ್ರ, ಮಸೀದಿ-ಬಸದಿ-ದೇಗುಲಗಳ ಕಲ್ಲಿನ ಬರಹ, ಹಿರಿಯರ ಬಾಯಲ್ಲಿರುವ ಕತೆಗಳನ್ನು ಊರಿನ ಶಾಲಾ ಕಾಲೇಜುಗಳ ಮಕ್ಕಳೇ ಸಂಗ್ರಹಿಸುವ ಕೆಲಸ ಈಗಲಾದರೂ ಆರಂಭವಾಗಲಿ. ನವಾಯತರ ಹುಡುಗಿ ಬಸದಿಯ ಶಾಸನವನ್ನೂ ಖಾರ್ವಿ ಹುಡುಗ ಮಸೀದಿಯ ಕಲ್ಲನ್ನೂ ನಕಲು ಮಾಡಿಕೊಂಡು ಬರಲಿ. ಆ ಹಿರಿಯರು ಇರುವಾಗಲೇ ಇದು ಆಗಬೇಕು.