ತೇರ್ಸಿನ ದನಿ: ಠಾಣೆ ಸೀಮೆಯಲ್ಲಿ ಪ್ರಾರ್ಥನೆ ನಡೆದುಬಂದ ಹಾದಿ

ಡೊಂಬಿವಲಿಯ ಮಂಗಳೂರು ಕಥೊಲಿಕರ ಮನೆಗಳಲ್ಲಿ ಸಂಜೆಯ ತೇರ್ಸಿಗೆ, ಅಂದರೆ ಜಪಸರಕ್ಕೆ, ಹೊತ್ತು ಗೊತ್ತುಮಾಡುವುದು ಲೋಕಲ್ ರೈಲು. ಊರಲ್ಲಿ ಕತ್ತಲಾಗುತ್ತಲೇ ಅಲ್ತಾರಿನ ಮುಂದೆ ಮೊಣಕಾಲೂರುತ್ತಿದ್ದವರು ಇಲ್ಲಿ ಕೊನೆಯವರು ಮನೆ ಸೇರುವ ತನಕ ಕಾಯುತ್ತಾರೆ. ಮೇರಿಮಾತೆಗೆ ಸಲ್ಲಿಸುವ ಅದೇ ನಮನ 53 ಸಲ. ಅರ್ಧ ದಾರಿಗೇ ಯಾರಿಗೋ ತೂಕಡಿಕೆ. ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್' ಕೇಳುತ್ತಾರೆ, ಆಶೀರ್ವಾದ ಪಡೆಯುತ್ತಾರೆ. ತುಟಿಗೆ ರೂಢಿಯಾದ ಈ ಮಾತುಗಳಲ್ಲಿ ಮನಸ್ಸು ಎಷ್ಟಿದೆ?

ಪ್ರಶ್ನೆ ಕ್ರೈಸ್ತಧರ್ಮದಷ್ಟೇ ಹಳೆಯದು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ, ಮಾತು ಪೇರಿಸಬೇಡಿ ಎಂದು ಯೇಸುವೇ ಹೇಳಿದ್ದ. ಐದನೆಯ ಶತಮಾನದ ಆರಂಭದಲ್ಲಿ ಸಂತ ಆಗಸ್ಟೀನ್ ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ, ಮಾತು ಹೆಚ್ಚುವುದೇ ಬೇರೆ, ಹಂಬಲ ಹೆಚ್ಚುವುದೇ ಬೇರೆ ಎಂಬುದನ್ನು ಬಿಡಿಸಿಟ್ಟ.

ಠಾಣೆಗೆ ಕ್ರೈಸ್ತ ಪ್ರಾರ್ಥನೆ ಪೋರ್ಚುಗೀಸರಿಗಿಂತ ಮೊದಲೇ ಬಂದಿತ್ತು. 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಇಲ್ಲಿ ಪ್ರಾಣ ತೆತ್ತರು. ಆಮೇಲೆ ಪೋರ್ಚುಗೀಸರ ಇಗರ್ಜಿಗಳು, ಲ್ಯಾಟಿನ್ ಪೂಜೆ. ಗುರುಗಳು ಅಲ್ತಾರಿನಲ್ಲಿ ಲ್ಯಾಟಿನ್ ಹೇಳುತ್ತಿದ್ದರೆ, ಕೂತ ಜನ ತಮ್ಮ ಭಾಷೆಯಲ್ಲಿ ಮಣಿ ಎಣಿಸುತ್ತಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ದಾರಿ ಬಿಡುವವರೆಗೂ ಹೀಗೇ ನಡೆಯಿತು.

ಮಂಗಳೂರಿನವರು ಇಲ್ಲಿಗೆ ತಂದದ್ದು ಮನೆಯ ಪ್ರಾರ್ಥನೆ. ಅದರ ಬಲ ಅರಿಯಬೇಕಾದರೆ 1784ಕ್ಕೆ ಹೋಗಬೇಕು. ಟಿಪ್ಪು ಮಂಗಳೂರು ಕಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ ಮೇಲೆ 1799ರವರೆಗೆ ಸೆರೆ. ಪಾದ್ರಿಗಳನ್ನು ಮೊದಲೇ ಹೊರಗಟ್ಟಲಾಗಿತ್ತು. ಅಂಥ ಹೊತ್ತಿನಲ್ಲಿ ಬಾಯಿಪಾಠವೇ ಇಗರ್ಜಿ. ಆದ್ದರಿಂದ ಬಾಯಿಪಾಠವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. ಎದೆ ಬತ್ತಿದ ದಿನವೂ ನಾಲಿಗೆ ಕೈಬಿಡುವುದಿಲ್ಲ. ಅದು ಸಣ್ಣ ನಿಷ್ಠೆಯಲ್ಲ.

ಪ್ರೊಟೆಸ್ಟಂಟರ ಹಾದಿ ಬೇರೆ. 1675ರಲ್ಲಿ ಜರ್ಮನಿಯ ಸ್ಪೇನರ್ ಬರೆದ ಪುಸ್ತಕದಿಂದ ಬಲಗೊಂಡ ಪೈಟಿಸಂ ಎಂಬ ಚಳವಳಿ ಪ್ರತಿಯೊಬ್ಬನ ಒಳಮನಸ್ಸಿನ ಪರಿವರ್ತನೆಗೆ ಒತ್ತು ಕೊಟ್ಟಿತು. ಅದೇ ಕಾವಿನಲ್ಲಿ ಬೆಳೆದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಪುಸ್ತಕ ನೋಡದೆ, ತನ್ನ ಮಾತಿನಲ್ಲಿ, ಕನ್ನಡದಲ್ಲಿ ದೇವರ ಮುಂದೆ ಮನಸ್ಸು ತೋಡಿಕೊಳ್ಳುವ ರೂಢಿ ಬೆಳೆಯಿತು. ಅದೇ ಮಿಶನ್ನಿನ ಕಿಟೆಲ್ ಇನ್ನೂ ಮುಂದೆ ಹೋಗಿ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿಗೇ ತಂದರು.

ಇತ್ತೀಚಿನ ತಿರುವು ಗದ್ದಲದ್ದು. 1967ರಲ್ಲಿ ಅಮೆರಿಕದ ಕಥೊಲಿಕ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಕ್ಯಾರಿಸ್ಮ್ಯಾಟಿಕ್ ಚಳವಳಿ 1972ರಲ್ಲಿ ಮುಂಬೈಗೆ ಕಾಲಿಟ್ಟಿತು. ಎತ್ತಿದ ಕೈ, ಚಪ್ಪಾಳೆ, ಅಳು, ಅರ್ಥಕ್ಕೆ ನಿಲುಕದ ನುಡಿ. ಕೇರಳದಿಂದ ಬಂದವರಿಗಾಗಿ 1988ರಲ್ಲಿ ಸೀರೊ ಮಲಬಾರ್ ಸಭೆಯ ಕಲ್ಯಾಣ ಧರ್ಮಪ್ರಾಂತ ಸ್ಥಾಪನೆಯಾಯಿತು. ಇದೇ ಬಗೆಯ ಪ್ರಾರ್ಥನೆಗೆ ಕೇರಳದ ಪೋಟ್ಟದ ಧ್ಯಾನಕೂಟಗಳೂ ಹೆಸರುಮಾಡಿದವು. ಮಣಿ ಎಣಿಸಿ ಬೆಳೆದ ಹಿರಿಯರಿಗೆ ಇದು ಇರುಸುಮುರುಸು. ನನಗನ್ನಿಸುವಂತೆ ದನಿಯ ಎತ್ತರದಿಂದ ಆರ್ತತೆಯನ್ನು ಅಳೆಯಲಾಗದು, ಆದರೆ ಸಾಲ, ಕಾಯಿಲೆ, ಕುಡಿತದ ಗಂಡ ಎಂದು ಬೆಂದವರಿಗೆ ಗಟ್ಟಿಯಾಗಿ ಅಳುವ ಜಾಗವೊಂದು ಬೇಕಿತ್ತು. ಆ ಅಳು ಸುಳ್ಳಲ್ಲ.

ಮಂಗಳೂರಿನವರಿಗೆ ನವಿ ಮುಂಬೈಯಲ್ಲಿ ಹುಟ್ಟಿದ ಮಕ್ಕಳ ಪಾಡು ಇನ್ನೊಂದು. ಊರಿನ ಕೊಂಕಣಿ ಪ್ರಾರ್ಥನಾ ಪುಸ್ತಕ ಕನ್ನಡ ಲಿಪಿಯಲ್ಲಿದೆ. ಶಾಲೆಯಲ್ಲಿ ಅವರು ಕಲಿತದ್ದು ಇಂಗ್ಲಿಷ್, ಮರಾಠಿ, ಹಿಂದಿ. ತಾಯಂದಿರು ನೋಟುಪುಸ್ತಕದಲ್ಲಿ ಅದೇ ಪ್ರಾರ್ಥನೆಯನ್ನು ದೇವನಾಗರಿಯಲ್ಲಿ ಬರೆದುಕೊಡುತ್ತಾರೆ. ಹುಡುಗಿಯೊಬ್ಬಳು ಬೆರಳಿಟ್ಟು ಓದುತ್ತಾ ನಡುವೆ ನಿಂತು, "ಅಮ್ಮಾ, ಈ ಶಬ್ದಕ್ಕೆ ಅರ್ಥ ಏನು?" ಎನ್ನುತ್ತಾಳೆ. ನಲವತ್ತು ವರ್ಷ ಅದನ್ನೇ ಹೇಳಿಕೊಂಡು ಬಂದ ತಾಯಿ ಮಣಿ ಹಿಡಿದ ಕೈ ನಿಲ್ಲಿಸಿ ಯೋಚಿಸುತ್ತಾಳೆ.